ಊಜಿಯೋ, ಹುಳುವೋ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಗೇಟಿನೆದುರು
ನನ್ನ ಜೆರಾಕ್ಸ್ ಅಂಗಡಿ.
ಎಂಟೂಕಾಲಿಗೆ ಶಟರ್ ಎತ್ತಿ, ಕಂಪ್ಯೂಟರಿಗೂ ಊದಿನಕಡ್ಡಿ ತೋರಿಸಿ
ಗುಂಡಿ ಒತ್ತಿದರೆ ಇವತ್ತು ಫ್ಯಾನಿಗೆ ಏದುಸಿರು,
ಯಾರನ್ನೋ ಬೆನ್ನಮೇಲೆ ಹೊತ್ತು ದಿಬ್ಬ ಹತ್ತುವವರ ಹಾಗೆ.

ಟಾಸ್ಕ್ ಮ್ಯಾನೇಜರ್ ತೆರೆದೆ.
ಗೊತ್ತಿದ್ದ ಹೆಸರುಗಳ ನಡುವೆ ಒಂದು:
ಬಿ ಎಚ್ ಎಲ್ ಪಿ ಎಸ್ ವಿ ಸಿ.
ಒಂದು ಸ್ವರವಿಲ್ಲ. ಬಾಯಿಗೆ ಹಾಕಿಕೊಂಡರೆ ಹುಣಸೆಬೀಜ.
ನಾನು ಕರೆದದ್ದಲ್ಲ. ಕಿಟಕಿ ತೆರೆದಿಲ್ಲ, ಮುಖ ತೋರಿಸಿಲ್ಲ,
ಹನ್ನೊಂದು ಎಂಬಿ ಜಾಗದಲ್ಲಿ
ಮಂಡಿ ಮಡಚಿಕೊಂಡು ಹಿತ್ತಿಲಲ್ಲಿ ಕೂತಿದೆ.

ಈ ಪೆಟ್ಟಿಗೆಯಲ್ಲಿ ಅರ್ಧ ಊರಿನ ಆಧಾರಿದೆ,
ಮೇಲೂರಿನವರ ಪಹಣಿ, ಹುಡುಗಿಯರ ಸ್ಕಾಲರ್‌ಷಿಪ್ಪು,
ನಂಬಿ ನನ್ನ ಕಿವಿಯಲ್ಲಿ ಹೇಳಿದ ಪಾಸ್‌ವರ್ಡುಗಳು
(ಹೆಚ್ಚಿನವು ಮಕ್ಕಳ ಹೆಸರು, ಒಂದೆರಡು ತೀರಿಹೋದ ಎತ್ತಿನದು).

"ಕಳ್ಳನೇ ಅಣ್ಣ, ಕಿತ್ತಾಕು" ಅಂದ ತೌಸೀಫ್.
ಅವನಿಗೆ ಹತ್ತೊಂಬತ್ತು, ಕಿತ್ತುಹಾಕುವ ವಯಸ್ಸು.
ಹೋದ ಯುಗಾದಿಗೆ ಹೀಗೇ ಯಾವನನ್ನೋ ಕಿತ್ತೆಸೆದು
ಮೂರು ದಿನ ಪ್ರಿಂಟರ್ ಮೂಕಾಗಿತ್ತು.

ನಮ್ಮಪ್ಪ ಇದೇ ಮಾರುಕಟ್ಟೆಯಲ್ಲಿ ಗೂಡು ನೋಡುತ್ತಿದ್ದ.
ರಾಶಿಯಿಂದ ಒಂದನ್ನೆತ್ತಿ ಕಿವಿ ಹತ್ತಿರ ಅಲುಗಿಸೋನು.
ಲೊಡಲೊಡ ಅಂದರೆ ಒಳಗಿನದು ಚೆನ್ನಾಗಿದೆ.
ಸದ್ದಿಲ್ಲದಿದ್ದರೆ ಕೊಳೆತು ಗೋಡೆಗಂಟಿದೆ.
ತೂತಿದ್ದರೆ ಊಜಿ ನೊಣದ ಮರಿ ತಿಂದು ಹೊರಟುಹೋಗಿದೆ.
"ಕುಯ್ದು ನೋಡಿದ್ರೆ ಯಾವನಿಗಾದ್ರೂ ಗೊತ್ತಾಗುತ್ತೆ ಕಣೋ,
ಕುಯ್ದ ಗೂಡಲ್ಲಿ ನೂಲೆಲ್ಲಿ?"

ಅಲುಗಿಸಿದೆ.
ಎಲ್ಲಿಯವನಪ್ಪ ನೀನು? ಹಿಂದೆ ಹಿಂದೆ
ಅದರ ಮನೆಯವರೆಗೂ ಹೋದೆ.
ಡ್ರೈವರುಗಳ ಓಣಿ, ಕಂಪನಿ ಹೆಸರಿನ ಬಾಗಿಲು,
ಟೆಂಪ್ ಫೋಲ್ಡರಿನ ಛತ್ರದಲ್ಲಿ ಮಲಗುವ ಪೈಕಿಯಲ್ಲ.
ಸಹಿ ಇದೆಯಾ? ಇದೆ.
ಸಹಿ ನಿಜವಾ? ನಿಜ ಅಂತ ವಿಂಡೋಸ್ ಹೇಳಿತು.
ವಿಂಡೋಸಿಗೆ ಸಾಕ್ಷಿ ಯಾರು, ಅದನ್ನು ಕೇಳಲಿಲ್ಲ.
ಹೊರಗಿನವರ ಜೊತೆ ಮಾತಾಡ್ತಿದೆಯಾ?
ನೆಟ್ಟಿನ ಪಟ್ಟಿ ತೆರೆದು ಕಾದೆ, ಕಾಫಿ ಕೆನೆಗಟ್ಟಿತು,
ತುಟಿ ಬಿಚ್ಚಲಿಲ್ಲ.
ಇಲ್ಲಿ ಅಪ್ಪನ ಲೆಕ್ಕ ತಿರುಗುಮುರುಗು,
ಸದ್ದಿಲ್ಲದ್ದೇ ಒಳ್ಳೆಯದಿರಬಹುದು.
ಇರಬಹುದು ಅಷ್ಟೇ.

ಕೊನೆಗೆ ಒಂದೊಂದೇ ವೈರು ಕಿತ್ತೆ.
ಬೆರಳಚ್ಚಿನ ಯಂತ್ರದ್ದು ಕಿತ್ತಾಗ
ಪಟ್ಟಿಯಿಂದ ಹೆಸರು ಜಾರಿತು.
ಚುಚ್ಚಿದೆ. ಬಂತು.
ಕಿತ್ತೆ. ಹೋಯಿತು.
ಓಹೋ, ನೀನಾ.
ಈ ಗಾಜಿನ ಕಣ್ಣಿಗೆ ರೆಪ್ಪೆ ಬಡಿಸೋನು.
(ಏದುಸಿರು ಅವನದಲ್ಲ. ಫ್ಯಾನಿನೊಳಗೆ ಧೂಳು,
ತೌಸೀಫ್ ಬ್ರಶ್ಶಿನಲ್ಲಿ ತೆಗೆದ ಒಂದು ಹಿಡಿ.)

ಆಗ ಬಂದಳು ಖುರ್ಷಿದ್‌ಬಿ, ಪಿಂಚಣಿ ದುಡ್ಡಿಗೆ.
ಮೂವತ್ತೊಂದು ವರ್ಷ ಕುದಿನೀರಿನ ತೊಟ್ಟಿಯಲ್ಲಿ
ಎಳೆಯ ತುದಿ ಹುಡುಕಿದ ಕೈ.
ಹೆಬ್ಬೆಟ್ಟಿಟ್ಟಳು: ಹೊಂದುವುದಿಲ್ಲ.
ಸೆರಗಿಗೆ ಒರೆಸಿ ಇಟ್ಟಳು: ಹೊಂದುವುದಿಲ್ಲ.
ತೋರುಬೆರಳು, ಉಂಗುರದ್ದು, ಎಡಗೈಯದು.
ಗೆರೆಗಳನ್ನು ನೀರು ತಿಂದಿದೆ, ನುಣ್ಣಗೆ, ಗೂಡಿನ ಹಾಗೆ.
"ನಾನು ನಾನೇ ಅಂತ ನೀನಾದ್ರೂ ಹೇಳು ಸಾಮಿ ಅದಕ್ಕೆ"
ಅಂದಳು, ಗದ್ದ ಎತ್ತಿ ಪರದೆಯ ಕಡೆ.

ಹೇಳುವ ಗುಂಡಿ ಎಲ್ಲಿದೆ?
ಮುಖವಿಲ್ಲದವನ ಸಹಿಗೆ ದಿನಾಂಕವಿದೆ, ಮೊಹರಿದೆ.
ಇವಳನ್ನು ನಾನು ಚಡ್ಡಿ ಹಾಕುವ ಕಾಲದಿಂದ ಬಲ್ಲೆ,
ಆ ಫೈಲನ್ನು ಯಾರೂ ತೆರೆಯುವುದಿಲ್ಲ.

ತೌಸೀಫ್ ಒದ್ದೆ ಬಟ್ಟೆ ತಂದ.
ಅವಳ ಬೆರಳನ್ನು ಒಂದೊಂದಾಗಿ ಹಿಡಿದು ಒತ್ತಿದ,
ಕೀಳುವ ಮಾತಿಲ್ಲದೆ.
ಹನ್ನೊಂದನೇ ಸಲ, ಎಡಗೈ ಕಿರುಬೆರಳಿಗೆ, ಹಸಿರು.

ಪಟ್ಟಿಯಲ್ಲಿ ಅವನು ಸೊನ್ನೆಯಿಂದ ಎರಡಕ್ಕೇರಿ
ಮತ್ತೆ ಸೊನ್ನೆಗಿಳಿದ.
ಖುರ್ಷಿದ್‌ಬಿ ಆ ಬೆರಳನ್ನು ಬೆಳಕಿಗೆ ಹಿಡಿದು
ತಿರುಗಿಸಿ ತಿರುಗಿಸಿ ನೋಡಿದಳು,
ಬೇರೆ ಯಾರದೋ ಎಂಬಂತೆ.