ಸೊನ್ನೆಯ ಜಾಗದಲ್ಲಿ

ಹಾಸನದಲ್ಲಿ ಎಂಟು ತಿಂಗಳು ಕಾಯಿರಿ ಅಂದರು.
ಕೊಯಮತ್ತೂರಿನಲ್ಲಿ ಸುಮ್ಮನೆ ನಿಂತಿತ್ತು, ಅದೇ ಬಣ್ಣ,
ಮಾಗದ ಸೀಬೆಕಾಯಿಯ ಹಸಿರು.
ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ
ನಿಂತೇ ದುಡಿದ ಕಾಲುಗಳು ಹೇಳಿದವು: ಹೋಗು, ತಗೋ.

ದಿಂಬಂ ಘಟ್ಟದ ಇಪ್ಪತ್ತೇಳು ತಿರುವು
ಒಬ್ಬಳೇ ಹತ್ತಿಸಿದೆ, ಹಲ್ಲು ಕಚ್ಚಿ.
ಮೇಲೆ ಬಂದರೆ ಹಾಸನೂರು ಎಂಬ ಫಲಕ.
ಇಷ್ಟು ಬೇಗ ಮನೆಯೇ ಎಂದುಕೊಂಡೆ, ಆಮೇಲೆ
ಬಾಲದ ಎರಡಕ್ಷರ ಓದಿಕೊಂಡು ಮುಂದೆ ನಡೆದೆ.
ಗಾಜಿಗಂಟಿದ ಹಳದಿ ಕಾಗದ, ಕೆಂಪು ಅಕ್ಷರ:
ತಾತ್ಕಾಲಿಕ. ಒಂದೇ ತಿಂಗಳು.
ನಮ್ಮ ವಾರ್ಡಿನಲ್ಲೂ ಹಾಗೇ,
ಹೆಸರಿಡುವ ತನಕ ಮಣಿಕಟ್ಟಿಗೊಂದು ಪಟ್ಟಿ:
ಸವಿತಾಳ ಮಗು, ಹೆಣ್ಣು, ಎರಡೂಮುಕ್ಕಾಲು ಕೆಜಿ.

ಆರ್‌ಟಿಒ ಕಚೇರಿಯ ಆ ಕಿಟಕಿ
ಹಾಸನಾಂಬೆಯ ಬಾಗಿಲಿನ ಹಾಗೆ,
ತೆರೆದಾಗ ಕಂಡವರು ಪುಣ್ಯವಂತರು.
ಮೂರನೇ ಸಲಕ್ಕೆ ನನಗೂ ದರ್ಶನವಾಯಿತು.
"ಹೊರ ರಾಜ್ಯದ್ದಾ?" ಗುಮಾಸ್ತ
ಹಲಸಿನ ಮೇಣ ಅಂಟಿದವನಂತೆ ಬೆರಳು ಹಿಂದೆಳೆದ.
"ಇಲ್ಲೇನು ಕಾರು ಸಿಗಲ್ವೇನಮ್ಮ?"
ಆಮೇಲೆ ಆಜೀವ ತೆರಿಗೆಯ ಮೊತ್ತ ಬರೆದುಕೊಟ್ಟ.
ಆಜೀವ ಅಂದ್ರೆ ಯಾರ ಜೀವ, ಕೇಳಿದೆ.
ಗಾಡೀದು, ಹದಿನೈದು ವರ್ಷ.
ನನ್ನ ಸರ್ವೀಸೇ ಉಳಿದಿರೋದು ಹನ್ನೊಂದು, ಅಂದೆ.
ನಗಲಿಲ್ಲ ಅವನು. ಮೊತ್ತ ನೋಡಿ ನಾನೂ ನಗಲಿಲ್ಲ.

ಹೊರಗೆ, ಹೊಂಗೆ ಮರದ ಕೆಳಗೆ, ಖಲಂದರ್ ಸಾಬರು.
ಪೆನ್ಷನ್ ಮೊಹಲ್ಲಾದಿಂದ ಬರುವ ಸೈಕಲ್ಲು,
ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು; ಬೇರೆ ಬಂಡವಾಳವಿಲ್ಲ.
ಸೀಟಿನ ಬುಡದ ಮುಚ್ಚಳ ಎತ್ತಿ, ಮೊಣಕಾಲೂರಿ,
ಲೋಹದ ಮೇಲೆ ತೆಳುಕಾಗದ ಹಾಸಿ
ಅಡ್ಡಡ್ಡ ಉಜ್ಜಿದರು, ಹಗುರಾಗಿ,
ಬಿಕ್ಕಳಿಸುವ ಮಗುವಿನ ಬೆನ್ನು ಸವರಿದಂತೆ.
ಬೂದು ಮೋಡದೊಳಗಿಂದ ಒಂದೊಂದೇ
ಎದ್ದು ಬಂದವು ಬಿಳಿಯ ಅಂಕೆ, ಅಕ್ಷರ.
ಪುಟ್ಟ ಅಂಗಾಲಿಗೆ ಮಸಿ ಹಚ್ಚಿ ಹಾಳೆಗೊತ್ತುವಾಗ
ನಾನೂ ಹೀಗೇ ಉಸಿರು ಬಿಗಿಹಿಡಿಯುತ್ತೇನೆ.

ಬಿಲ್ಲಿನ ಪಕ್ಕ ಹಿಡಿದು ನೋಡಿದರು. ಲೊಚಗುಟ್ಟಿದರು.
"ಸಿಸ್ಟರ್, ಗಾಡೀಲಿ ಸೊನ್ನೆ ಐತೆ. ಬಿಲ್ಲಲ್ಲಿ ಓ ಹೊಡೆದವ್ರೆ."
ಎರಡೂ ದುಂಡಗೇ ಅಲ್ವಾ?
"ಚಾಸಿ ನಂಬರಲ್ಲಿ ಓ ಬರೋದೇ ಇಲ್ಲ. ಐ ಬರಲ್ಲ, ಕ್ಯೂ ಬರಲ್ಲ.
ಸೊನ್ನೆ ಯಾವ್ದು, ಒಂದು ಯಾವ್ದು ಅಂತ ಜನ ಯಾಮಾರ್ತಾರೆ,
ಅದಕ್ಕೇ ಬಿಟ್ಟವ್ರೆ."
ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿ ಅವರಿಗೆ
ಇಪ್ಪತ್ಮೂರೇ ಅಕ್ಷರ, ಅಷ್ಟರಲ್ಲೇ ಮೂವತ್ತು ವರ್ಷದ ಸಂಸಾರ.

ಕೊಯಮತ್ತೂರಿಗೆ ಫೋನು.
ಟೈಪಿಂಗ್ ಮಿಸ್ಟೇಕು, ಮೇಡಂ. ಸಣ್ಣದು.

ಸಣ್ಣದು.
ಕಳೆದ ಮೇ ತಿಂಗಳು ಒಬ್ಬ ಹುಡುಗಿ ವಾರ್ಡಿಗೆ ಬಂದಿದ್ದಳು,
ದುದ್ದದ ಕಡೆಯವಳು, ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ.
ಜನನ ಪತ್ರದಲ್ಲಿ ತಾಯಿಯ ಹೆಸರು: ಗೋರಿ.
ಹಳೇ ರಿಜಿಸ್ಟರ್ ತೆಗೆಸಿದೆ. ನನ್ನದೇ ಕೈಬರಹ.
ರಾತ್ರಿ ಪಾಳಿ, ಅವತ್ತಿನ ಹತ್ತನೇ ಹೆರಿಗೆ,
ಗೌರಿಯ ಔತ್ವ ಎಲ್ಲಿ ಜಾರಿತೋ, ಓತ್ವವಾಗಿ ಕೂತಿತ್ತು;
ಅಲ್ಲಿಂದ ಶಾಲೆಗೆ, ಆಧಾರಿಗೆ, ಹೋದಲ್ಲೆಲ್ಲ
ಹದಿನಾರು ವರ್ಷ ಅವಳ ಹಿಂದೆಯೇ ನಡೆದಿತ್ತು.
ಅಮ್ಮನ್ನ ಕರಕೊಂಡು ಬಾ, ಸಹಿ ಬೇಕು, ಅಂದೆ.
ಅವಳು ನೆಲ ನೋಡಿದಳು.
ಮತ್ತೆ ಕೇಳಲಿಲ್ಲ ನಾನು. ಅಫಿಡವಿಟ್ಟಿನ ದುಡ್ಡು
ನಾನೇ ಕೊಟ್ಟೆ, ಚಿಲ್ಲರೆ ವಾಪಸು ತಂದುಕೊಟ್ಟಳು.

ಗುರುವಾರ ತಿದ್ದಿದ ಬಿಲ್ಲು ಬಂತು.
ಸಾಬರು ಇನ್ನೊಂದು ಪ್ರತಿ ಉಜ್ಜಿದರು,
ಈ ಸಲದ್ದಕ್ಕೆ ಕಾಸು ಬೇಡವೆಂದರು.
ಕೆಎ ಹದಿಮೂರು; ಮುಂದಿನದು ಚೆಂದದ ನಂಬರೇನಲ್ಲ,
ಕೂಡಿದರೆ ಎಂಟು. ಶನಿ ಅಂದ ತಮ್ಮ, ಫೋನಿನಲ್ಲಿ.
ಇರಲಿ, ಅವನಿಗೂ ಒಂದು ಗಾಡಿ ಬೇಕಲ್ಲ.

ಹಳದಿ ಕಾಗದ ಕಿತ್ತೆ. ಗಾಜಿನಲ್ಲಿ ಅಂಟು ಉಳಿಯಿತು.
ಉಗುರಿನಲ್ಲಿ ಕೆರೆದೆ, ವಾರ್ಡಿನ ಸ್ಪಿರಿಟ್ ತಂದು ಒರೆಸಿದೆ.
ಹೋಗಿಲ್ಲ ಇನ್ನೂ.
ರಾತ್ರಿ ಪಾಳಿ ಮುಗಿಸಿ ಬಿಸಿಲಿಗೆ ಎದುರಾಗಿ ಬರುವಾಗ
ಅಷ್ಟಗಲ ಮಾತ್ರ ರಸ್ತೆ ಮಸುಕು.