ಹದಿನಾರು ಕಿಲೋಬೈಟ್

ನಾನು ಕಟ್ಟಿದ್ದು ಗೂಡು ಮಾತ್ರ.
ಹಕ್ಕಿಯನ್ನು ನೀವೇ ತರಬೇಕು.
ಮೊದಲ ಪರದೆಯಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದೇನೆ,
ವಕೀಲೆ ಮೆರೆಡಿತ್ ಹೇಳಿಕೊಟ್ಟ ಮಾತಿನಲ್ಲಿ:
'ರೋಮ್ ಚಿಪ್ಪಿನ ಪ್ರತಿ ಇದರೊಳಗಿಲ್ಲ.
ನಿಮ್ಮ ಸ್ವಂತ ಯಂತ್ರದಿಂದ ತೆಗೆದುಕೊಳ್ಳಿ.'
ಸ್ವಂತ ಯಂತ್ರ!
ಅದಿದ್ದಿದ್ದರೆ ಇಲ್ಲಿಗೇಕೆ ಬರುತ್ತಿದ್ದರು?

ಕರ್ಲ್ಯೂ ಅದರ ಹೆಸರು.
ಪೋರ್ತ್‌ಮಡಾಗಿನ ಅಳಿವೆಯ ಕೆಸರಿನಲ್ಲಿ
ಬಾಗಿದ ಕೊಕ್ಕು ಊರಿ ನಡೆಯುವ ಹಕ್ಕಿಯದೇ ಹೆಸರು.
ಬೂದು ಪೆಟ್ಟಿಗೆ, ರಬ್ಬರು ಕೀಲಿ, ಎರಡೇ ವರ್ಷದ ಆಯಸ್ಸು.
ಹಕ್ಕಿ ಸತ್ತಿತು, ಹಕ್ಕು ಸಾಯಲಿಲ್ಲ.
ಬ್ಯಾಂಕಿನಿಂದ ಆಟಿಕೆಯವನಿಗೆ, ಆಟಿಕೆಯವನಿಂದ
ಫ್ರಿಜ್ಜು ಮಾರುವ ರಾಟರ್‌ಡ್ಯಾಮಿನ ಮಂದಿಗೆ.
ಹನ್ನೊಂದು ಕಾಗದ ಬರೆದೆ. ಒಂದಕ್ಕೆ ಉತ್ತರ:
'ಇದು ನಮ್ಮದೋ ಅಲ್ಲವೋ ಖಚಿತವಿಲ್ಲ.
ಆದರೂ ಅನುಮತಿ ಕೊಡಲಾಗದು.'

ಎಲುನೆಡ್‌ಗೆ ಈಗ ಎಪ್ಪತ್ತೊಂದು.
ಆ ಹದಿನಾರು ಕಿಲೋಬೈಟನ್ನು ಬರೆದವಳು,
ಪೆನ್ಸಿಲಿನಲ್ಲಿ, ಚೌಕುಳಿ ಹಾಳೆಯ ಮೇಲೆ,
ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡು.
'ಎಲ್ಲ ತಲೆಯಲ್ಲಿದೆ, ಮತ್ತೆ ಬರೆದುಕೊಡುತ್ತೇನೆ' ಎಂದಳು.
ಮೆರೆಡಿತ್ ಪೆನ್ನಿನ ಮುಚ್ಚಳ ಹಾಕಿದಳು:
'ಜಗತ್ತಿನಲ್ಲಿ ಯಾರು ಬೇಕಾದರೂ ಬರೆಯಬಹುದು,
ನೀವೊಬ್ಬರನ್ನು ಬಿಟ್ಟು.'

ಕಂಡವರು ಬರೆಯುವಂತಿಲ್ಲ.
ಬರೆಯುವವರು ಕಂಡಿರುವಂತಿಲ್ಲ.
ಹಾಗಾಗಿ ಮುಚ್ಚಿದ ಚಾಪೆಲಿನ ಎರಡು ಕೋಣೆ, ನಡುವೆ ಗೋಡೆ.
ಈಚೆ ಎಲುನೆಡ್, ಆಚೆ ನೆರಿಸ್,
ಹತ್ತೊಂಬತ್ತರ ಹುಡುಗಿ, ಕರ್ಲ್ಯೂ ಅಂದರೆ ಬರೀ ಹಕ್ಕಿಯೆಂದು ತಿಳಿದವಳು.
ಏನು ಮಾಡುತ್ತದೆ ಎಂದು ಹೇಳಬಹುದು,
ಹೇಗೆ ಎಂದು ಬಾಯಿ ಬಿಡುವಂತಿಲ್ಲ.
ಚೀಟಿ ಹೊತ್ತು ಓಡಾಡುವವನು ನಾನು;
ಪ್ರತಿ ಚೀಟಿಗೂ ವಕೀಲೆಯ ರುಜು.
ಒಂದು ಸಲ ಎಲುನೆಡ್ ಬರೆದಳು, 'ಅಲ್ಲಿ ಲೂಪನ್ನು ಹಿಂದಿನಿಂದ...'
ಮೆರೆಡಿತ್ ಅಷ್ಟರ ಮೇಲೆ ಕರಿ ಶಾಯಿ ಬಳಿದಳು.
ಎಲುನೆಡ್ ಚಹಾ ಕಾಯಿಸಲು ಎದ್ದು ಹೋದಳು.
ಎಷ್ಟೋ ಹೊತ್ತು ಬರಲಿಲ್ಲ.

ಏಳು ತಿಂಗಳು. ಮಾರ್ಚಿನ ಒಂದು ಮಧ್ಯಾಹ್ನ
ಪರದೆ ನೀಲಿಗೆ ತಿರುಗಿತು, ಕುಂಯ್ ಎಂದಿತು,
ಕರ್ಸರ್ ಮಿಣುಕಿತು. ನೆರಿಸ್ ಚಪ್ಪಾಳೆ ತಟ್ಟಿದಳು.
ಎಲುನೆಡ್ ಕನ್ನಡಕ ಒರೆಸಿ ಕೂತು
ಒಂದೇ ಬೆರಳಲ್ಲಿ ಏನೋ ಭಾಗಾಕಾರ ಒತ್ತಿದಳು.
ಸರಿಯುತ್ತರ ಬಂತು.

ಅವಳ ಮುಖ ಬಾಡಿತು.
'ನನ್ನದರಲ್ಲಿ ಇದು ತಪ್ಪು ಬರುತ್ತಿತ್ತು.
ಎಂಬತ್ತೆರಡರ ಬೇಸಿಗೆ, ಮಗುವಿಗೆ ಜ್ವರ,
ನಿದ್ದೆಗಣ್ಣಲ್ಲಿ ಒಂದು ಅಂಕೆ ಜಾರಿತ್ತು.'
ಹೆತ್ತವಳಿಗೆ ಹೆಗ್ಗಣ ಮುದ್ದು.
ಆ ತಪ್ಪನ್ನೂ ಸೇರಿಸೋಣ ಎಂದೆ.
ಮೆರೆಡಿತ್ ಬೇಡವೆಂದು ತಲೆಯಾಡಿಸಿದಳು:
'ಸರಿ ಯಾರಿಗೂ ಹೊಳೆಯಬಹುದು.
ಅದೇ ಜಾಗದಲ್ಲಿ ಅದೇ ತಪ್ಪು ಮಾಡಿದರೆ
ಕದ್ದದ್ದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.'

ಎಲುನೆಡ್ ಅದೇ ಲೆಕ್ಕವನ್ನು ಮತ್ತೊಮ್ಮೆ ಒತ್ತಿದಳು,
ಈ ಸಲವಾದರೂ ತಪ್ಪೀತೇನೋ ಎಂದು.