ವಿಳಂಬಕ್ಕೆ ಕಾರಣ

ಬರೆದುಕೊಳ್ಳಿ, ಫೊನೊಟಿ ಮೇಡಂ.
ಹೆಸರು ಐವರ್ ಟ್ರೆಗಾರ್ಥನ್. ರೀಫ್ಟನ್ ಎಕ್ಸ್‌ಚೇಂಜು,
ದಕ್ಷಿಣ ದ್ವೀಪ. ಇಪ್ಪತ್ತೊಂಬತ್ತು ವರ್ಷ ಸರ್ವೀಸು,
ಮೊದಲು ಅಂಚೆ ಇಲಾಖೆ, ಆಮೇಲೆ ಕಂಪನಿ.
ಬೋರ್ಡು ಬದಲಾಯಿತು, ಷರ್ಟಿನ ಬಣ್ಣ ಬದಲಾಯಿತು,
ಬಾಗಿಲಿಗೆ ಅದೇ ಬೀಗ.

ವೆಲಿಂಗ್ಟನ್ನಿನಿಂದ ನಿಮ್ಮ ಆಯೋಗದ ಆದೇಶ ಬಂತು:
ದೇಶದ ತಾಮ್ರವೆಲ್ಲ ಒಬ್ಬನ ಮುಷ್ಟಿಯಲ್ಲಿ ಇರಕೂಡದು,
ಕೇಳಿದವರಿಗೆ ಕೋಣೆಯೊಳಗೆ ಜಾಗ ಕೊಡು,
ಬಾಡಿಗೆ ನಾವು ಹೇಳಿದಷ್ಟೇ ತಗೋ.
ಅದರ ಬೆನ್ನಿಗೇ ಹೆಡ್ಡಾಫೀಸಿನ ಪತ್ರ:
'ಪೂರ್ಣ ಸಹಕಾರ ನೀಡತಕ್ಕದ್ದು.'
ಪತ್ರದ ಬೆನ್ನಿಗೆ ಒಂದು ಫೋನು:
'ಅವಸರವೇನೂ ಇಲ್ಲ, ಐವರ್.'
ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ,
ಆ ಪೂಜಾರಿಗೆ ಸಂಬಳ ಕೊಡುವವರು ಯಾರು
ಅಂತ ಯಾರೂ ಕೇಳುವುದಿಲ್ಲ.

ಬಂದವಳು ತೆ ಅಹೊ, ಎದುರಾಳಿ ಕಂಪನಿಯ ಹುಡುಗಿ,
ಗ್ರೇಮೌತಿನಿಂದ ವ್ಯಾನು ಓಡಿಸಿಕೊಂಡು, ಬೂಟಿನ ತುಂಬ ಕೆಸರು.
ಬೀಗದ ಕೈ ವೆಸ್ಟ್‌ಪೋರ್ಟಿನಲ್ಲಿದೆ ಅಂದೆ.
ಕೈ ನನ್ನ ಜೇಬಿನಲ್ಲೇ ತೊಡೆಗೆ ಒತ್ತುತ್ತಿತ್ತು.
ಎರಡನೇ ಸಲ, ಚಾವಣಿಯಲ್ಲಿ ಆಸ್ಬೆಸ್ಟಾಸ್ ಇರಬಹುದು,
ಪರೀಕ್ಷೆಯಾಗಲಿ ಅಂದೆ. ಅದೇ ಚಾವಣಿಯ ಕೆಳಗೆ
ಇಷ್ಟು ವರ್ಷ ಬುತ್ತಿ ಬಿಚ್ಚಿ ಉಂಡವನು ನಾನು.
ಮೂರನೇ ಸಲ ಸುರಕ್ಷತಾ ತರಬೇತಿಯ ಚೀಟಿ ಇಲ್ಲ.
ನಾಲ್ಕನೇ ಸಲ ನೆಲದ ಹಳದಿ ಗೆರೆ ಇನ್ನೂ ಒಣಗಿಲ್ಲ.

ಆ ಗೆರೆ ನಾನೇ ಎಳೆದದ್ದು.
ಅಣ್ಣತಮ್ಮಂದಿರು ಪಾಲಾದಾಗ
ಅಡುಗೆಮನೆಯ ನಟ್ಟನಡುವೆ ಎಳೆಯುತ್ತಾರಲ್ಲ, ಹಾಗೆ.
ಆ ಕಡೆ ಅವರಿಗೆ ಒಂದು ರ್‍ಯಾಕು, ಒಂದು ಪ್ಲಗ್ಗು.
ಈ ಕಡೆ ನಾನು, ಒಂಬೈನೂರು ಜೋಡಿ ತಂತಿ,
ಅದರಲ್ಲಿ ಎಷ್ಟೋ ನನ್ನ ಬೆರಳಿಗೆ ಹೆಸರು ಹಿಡಿದು ಗೊತ್ತು:
ಇದು ಬೇಕರಿ. ಇದು ಮಳೆ ಬಂದರೆ ಕೆಮ್ಮುವ
ಶಾಲೆಯ ಲೈನು. ಇದು ಫೈರ್ ಸ್ಟೇಷನ್,
ಹೊಳೆ ಊರೊಳಗೆ ಬಂದ ರಾತ್ರಿ ಬಿಸಿಯಾಗಿತ್ತು
ಅಂತ ಈಗಲೂ ಹೇಳುತ್ತೇನೆ, ತಂತಿ ಬಿಸಿಯಾಗುವುದಿಲ್ಲ, ಗೊತ್ತು.

ತೆ ಅಹೊ ಜಗಳ ಆಡಲಿಲ್ಲ. ಕಷ್ಟವಾದದ್ದು ಅದೇ.
ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿದು,
ಬಂದ ಹೊತ್ತು, ಹೋದ ಹೊತ್ತು,
ನಾನಾಡಿದ ಮಾತು, ತಪ್ಪದೆ ಬರೆದುಕೊಂಡು ಹೋಗುತ್ತಿದ್ದಳು.
ಒಂದು ದಿನ ಹೆಸರಿನ ಅರ್ಥ ಕೇಳಿದೆ.
ಎಳೆ ಅಂತ, ಅಂದಳು. ಗಾಳದ ದಾರಕ್ಕೂ ಅನ್ನುತ್ತೇವೆ.
ಆ ಪುಸ್ತಕವೇ ಈಗ ನಿಮ್ಮ ಮೇಜಿನ ಮೇಲಿರುವುದು.
ನಲವತ್ತೊಂದು ದಿನ. ಲೆಕ್ಕ ಸರಿಯಿದೆ.

ನಲವತ್ತೆರಡನೇ ದಿನ ಯಾಕೆ ತೆಗೆದೆ ಅಂತ ಕೇಳುತ್ತೀರಿ.
ದಂಡದ ಭಯ ಅಂತ ನಿಮ್ಮ ವಕೀಲರು ಬರೆದುಕೊಳ್ಳಲಿ,
ಕಂಪನಿಯ ದಂಡ ನನ್ನ ಜೇಬಿನಿಂದ ಹೋಗುವುದಿಲ್ಲ.
ಅವತ್ತು ಅವಳು ಮೊದಲ ಗಿರಾಕಿಗಳ ಪಟ್ಟಿ ಕೈಗಿತ್ತಳು.
ಹದಿನೇಳು ನಂಬರು.
ಹನ್ನೊಂದನೆಯದು ನಮ್ಮ ಮನೆ.

ಸಹಿ ನನ್ನ ಹೆಂಡತಿಯದು, ಮೊರಾಗ್,
ಎಂನ ಬಾಲ ಉದ್ದಕ್ಕೆ ಎಳೆಯುವ ಅದೇ ಸಹಿ.
ಜೇಬಿನಿಂದ ಕೈ ತೆಗೆದೆ.
ವೆಸ್ಟ್‌ಪೋರ್ಟಿನಿಂದ ಬಂತಾ? ಅಂದಳು ತೆ ಅಹೊ. ನಗಲಿಲ್ಲ.

ನಮ್ಮ ಜೋಡಿಯನ್ನು ನಾನೇ ಬಿಚ್ಚಿದೆ, ನಾನೇ ಗೆರೆ ದಾಟಿಸಿದೆ,
ಅವಳು ಟಾರ್ಚು ಹಿಡಿದಿದ್ದಳು.
ಒಂಬತ್ತು ನಿಮಿಷದ ಕೆಲಸ.
ಪರೀಕ್ಷೆಗೆಂದು ಮನೆಗೆ ರಿಂಗ್ ಮಾಡಿದೆ.
ಕೇಳಿಸುತ್ತಾ? ಅಂದೆ.
ಯಾವತ್ತಿನ ಹಾಗೇ ಇದೆ, ಅಂದಳು ಮೊರಾಗ್,
ತಿಂಗಳಿಗೆ ಇಪ್ಪತ್ತೆರಡು ಡಾಲರ್ ಉಳಿಯುತ್ತದೆ,
ನೀನು ಕೇಳಿದ್ದರೆ ಹೇಳುತ್ತಿದ್ದೆ,
ಬರುವಾಗ ಹಾಲು ತಾ.

ಈ ಫಾರಂನಲ್ಲಿ ವಿಳಂಬಕ್ಕೆ ಕಾರಣ ಅಂತ ಒಂದು ಚೌಕವಿದೆ,
ಎರಡು ಸಾಲಿನ ಜಾಗ.
ಬೀಗದ ಕೈ ಅಂತ ಹಾಕಿ, ಮೇಡಂ.
ಸುಳ್ಳೇನಲ್ಲ.